ನಮ್ಮ ಯಂತ್ರದ ಖಾಲಿ ಚೌಕ

...ಅಲ್ಲ ಕಣೇ ನುನ್ಸಿಯಾ, ಪಟ್ಟಿಯಲ್ಲಿ ನಮ್ಮ ಚೌಕ ಯಾಕೆ ಖಾಲಿ ಬಿಟ್ಟಿದ್ದೀಯ? ಕ್ವಾಂಟಮ್ ಕಂಪ್ಯೂಟರ್ ಎಷ್ಟು ಥರ ಅಂತ ನೇಪಲ್ಸ್ ಜನಕ್ಕೆ ತಿಳಿಸೋ ಪುಸ್ತಿಕೆ ಬರಿ ಅಂದ್ರೆ, ಕಂಡಕಂಡ ಯಂತ್ರಗಳನ್ನೆಲ್ಲ ಸಾಲಾಗಿ ಕೂರಿಸಿ, 'ಸಾವಿರಕ್ಕೆ ಎಷ್ಟು ಸರಿ' ಅಂತ ಎಲ್ಲರದ್ದೂ ತುಂಬಿದ್ದೀಯ. ನಿನಗೆ ಡಾಕ್ಟರೇಟ್ ಮಾಡಿಸಿದ ಈ ಅಸ್ಸುಂತಾಳ ಯಂತ್ರದ್ದು ಮಾತ್ರ ಖಾಲಿ! ಕೂತ್ಕೋ. ಕಾಫಿ ಆರ್ತಿದೆ, ಕುಡಿ.

ಅಯಾನ್ ಯಂತ್ರದವರಿಗೆ ಎಷ್ಟು ಕೊಟ್ಟೆ? ಒಂಬೈನೂರ ತೊಂಬತ್ತೊಂಬತ್ತಾ? ಥೂ. ಅದೂ ಒಂದು ಯಂತ್ರವೇನೇ? ಗಾಳಿಯಿಲ್ಲದ ಡಬ್ಬಿಯಲ್ಲಿ ವಿದ್ಯುತ್ ಹೊತ್ತ ನಾಲ್ಕು ಪರಮಾಣು ತೇಲಿಸಿ, ಲೇಸರಿನಲ್ಲಿ ಚುಚ್ಚಿ ಚುಚ್ಚಿ ಲೆಕ್ಕ ಕೇಳೋದು. ತಪ್ಪು ಮಾಡೋದು ಅಪರೂಪ, ಒಪ್ಕೊಂಡೆ. ಆದ್ರೆ ನಮ್ಮದು ಸಾವಿರ ಹೆಜ್ಜೆ ಹಾಕೋ ಹೊತ್ತಿಗೆ ಅದು ಒಂದು ಹೆಜ್ಜೆ ಎತ್ತುತ್ತೆ. ಮದುವೆ ಹೆಣ್ಣಿನ ನಡಿಗೆ.

ಬೆಳಕಿನ ಯಂತ್ರದವರಿಗೆ ನಮ್ಮಷ್ಟು ತಣ್ಣಗಿರೋದು ಬೇಡ ಅನ್ನೋ ಜಂಬ ಬೇರೆ. ಕಳಿಸಿದ ಬೆಳಕಿನ ಕಣ ಅರ್ಧ ದಾರೀಲೇ ನಾಪತ್ತೆ. ಲೆಕ್ಕ ಹಾಕೋರೇ ಇಲ್ಲ ಅಂದ್ಮೇಲೆ ಉತ್ತರ ಯಾರು ಕೊಡ್ತಾರೆ? ಇನ್ನು ಆ ಕೆಳಗಿನ ಮಹಡಿಯವರು... ಬೆಳಕಿನ ಚಿಮಟದಲ್ಲಿ ಸಾವಿರ ಪರಮಾಣು ಹಿಡಿದಿದ್ದೀವಿ ಅಂತಾರೆ. ಹಿಡಿದದ್ದು ಸಾವಿರ, ಸರಿ, ಮಾತು ಕೇಳೋದು ಎಷ್ಟು? ಯಾಕೆ ನಗ್ತೀಯ? ನಗಲಿಲ್ವಾ? ಹೋಗ್ಲಿ ಬಿಡು.

ನಮ್ಮದು ಲೋಹದ ಸರ್ಕ್ಯೂಟು, ಬಾಹ್ಯಾಕಾಶಕ್ಕಿಂತ ತಣ್ಣಗಿರೋ ಫ್ರಿಜ್ಜಿನಲ್ಲಿ. ತಣ್ಣಗಾಗೋಕೆ ಎರಡು ದಿನ, ಚೂರು ಬೆಚ್ಚಗಾದ್ರೂ ಕೆಲಸ ಕೆಟ್ಟಿತು. ಗೊತ್ತು, ನೀನು ನನಗೆ ಕಲಿಸ್ಬೇಡ. ಬರ್ಕೋ: ಒಂಬೈನೂರ ತೊಂಬತ್ತೊಂಬತ್ತೂವರೆ. ಹೋದ ವರ್ಷ ಸೆಪ್ಟೆಂಬರ್ ಹತ್ತೊಂಬತ್ತರ ಅಳತೆ. ನಮ್ಮ ಲೇಖನದಲ್ಲೇ ಅಚ್ಚಾಗಿದೆಯಲ್ಲ.

ಆ ಕಡೆ ಏನು ನೋಡ್ತಿದ್ದೀಯ? ಫ್ರಿಜ್ಜನ್ನಾ? ತಣ್ಣಗಾದ ದಿನ, ಬೆಚ್ಚಗಾದ ದಿನ ಅದರ ಮೈಮೇಲೆ ಮಾರ್ಕರಿನಲ್ಲಿ ಬರೆಯೋದು ನಮ್ಮ ಪದ್ಧತಿ. ಐದು ವರ್ಷ ನೀನೇ ಬರೆದೆ. ಅದರಲ್ಲಿ ಏನು ಹೊಸದು...

'ಬೆಚ್ಚಗಾಯಿತು, ಸೆಪ್ಟೆಂಬರ್ 18. ತಣ್ಣಗಾಯಿತು, ಸೆಪ್ಟೆಂಬರ್ 22.' ನಿನ್ನ ಅಕ್ಷರವೇ.

ಹತ್ತೊಂಬತ್ತು ಸಾನ್ ಜೆನ್ನಾರೊ ಹಬ್ಬ. ಸಂತನ ಹೆಪ್ಪುಗಟ್ಟಿದ ರಕ್ತ ಕರಗೋ ಪವಾಡ ನೋಡೋಕೆ ನೀವೆಲ್ಲ ಚರ್ಚಿಗೆ ಹೋಗಿದ್ರಿ. ಹಿಂದಿನ ದಿನವೇ ಫ್ರಿಜ್ಜಿನ ಪಂಪು ನಿಂತಿತ್ತು. ಇಲ್ಲಿ ನಾನೊಬ್ಬಳೇ. ಲೇಖನ ಸಂಜೆಯೊಳಗೆ ಹೋಗ್ಬೇಕಿತ್ತು. ನಮ್ಮ ಯಂತ್ರದ ಹಾಗೇ ನಟಿಸೋ ಪ್ರೋಗ್ರಾಮ್ ಇದೆಯಲ್ಲ, ಅದನ್ನ ಈ ಮೇಜಿನ ಮಾಮೂಲಿ ಕಂಪ್ಯೂಟರಲ್ಲಿ ಓಡಿಸಿದೆ... ತಣ್ಣಗಿದ್ದಿದ್ರೆ ನಮ್ಮದೂ ಇದೇ ಉತ್ತರ ಕೊಡ್ತಿತ್ತು ಕಣೇ. ಕೊಡ್ತಿತ್ತು. ಆಮೇಲೆ ಯಂತ್ರದಲ್ಲೇ ನಾಲ್ಕು ಸಲ ಅಳೆದೆ... ಆ ಸಂಖ್ಯೆ ಬರಲಿಲ್ಲ. ಒಂದು ಸಲವೂ ಬರಲಿಲ್ಲ.

ನಿನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ನಿಂತಿರೋದು ಇದೇ ಸಂಖ್ಯೆ ಮೇಲೆ. ಚೌಕ ಖಾಲಿ ಬಿಟ್ರೆ ಯಾಕೆ ಅಂತ ಕೇಳ್ತಾರೆ. ನನ್ನ ಮಾನ ಹೋದ್ರೆ ಹೋಗ್ಲಿ, ನಿನ್ನ ಡಾಕ್ಟರೇಟೂ ಕೈಬಿಟ್ಟು ಹೋಗುತ್ತೆ. ಗೊತ್ತಾ ನಿನಗೆ?

ಗೊತ್ತಿದ್ದೇ ಬಂದಿದ್ದೀಯ.

ಚೌಕ ತುಂಬದೆ ಪೆನ್ನಿಗೆ ಯಾಕೆ ಮುಚ್ಚಳ ಹಾಕ್ದೆ, ನುನ್ಸಿಯಾ?