ಸೊನ್ನೆ ಬರೆಯದ ವರದಿ

ಯಂತ್ರಕ್ಕೆ ಕಾಣಲಿಲ್ಲವೆಂದರೆ ಇಲ್ಲವೆಂದೇ ಅರ್ಥವೇ? ಒಂದು ಸೊನ್ನೆ ಬರೆದುಬಿಟ್ಟರೆ ಯಾರ ಗಂಟು ಹೋದೀತು? ಕುಷಾಯಿಗೂಡದ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ, ಸಹಿಯಾಗದ ವರದಿಯ ಮುಂದೆ ಸುಶಾಂತ ಹೀಗೆ ಕೂತಿದ್ದಾಗ ಮೊಬೈಲು ಅದುರಿತು. ಗೊತ್ತಿಲ್ಲದ ನಂಬರು.

“ಹಲೋ, ಯಾರ್ರೀ ಮಾತಾಡೋದು? … ಕಾಕಾ? ಇದ್ಯಾರ ಫೋನು? … ಹಾಂ, ಅಚ್ಚಿನ ಪ್ರೆಸ್ಸಿನವರದಾ?”

…

ಕಾಕಾ ಅಂದರೆ ಹಣಮಂತರಾಯ, ಅವನ ತಂದೆಯ ತಮ್ಮ. ಸುಲ್ತಾನ್ ಬಜಾರಿನಲ್ಲಿ ಅಂಗಡಿ. ಅವರ ಹೆಂಡತಿ, ಕಾಕು ಸುಂದರಾಬಾಯಿ, ಮನೆಯಲ್ಲೇ ಹುರಿದು ಬೀಸಿದ ಕೂಸಿನ ರಾಗಿಹಿಟ್ಟಿಗೆ ಲಿಂಗಂಪಲ್ಲಿಯ ದೊಡ್ಡ ಅಂಗಡಿಯೊಂದು ಮೊದಲ ಸಲ ಆರ್ಡರು ಕೊಟ್ಟಿತ್ತು. ಆ ಹಿಟ್ಟಿನ ಪರೀಕ್ಷೆಯ ವರದಿ ಕೈಸೇರುವ ಮೊದಲೇ ಕಾಕಾ ಪಾಕೀಟುಗಳನ್ನು ಅಚ್ಚಿಗೆ ಕೊಟ್ಟು, ಮೇಲೆ ‘ಸೀಸದ ವಿಷ: ಸೊನ್ನೆ’ ಎಂದು ಹಾಕಿಸುತ್ತಿದ್ದರು. ಈಗ ವರದಿಯೂ ಹಾಗೇ ಬರಬೇಕಂತೆ.

“ಸೊನ್ನಿ ಬರಿಯಂಗಿಲ್ಲ ಕಾಕಾ … ಸಿಕ್ಕಿಲ್ಲ, ಖರೇ. ನಮ್ಮ ಮಷೀನಿಗೆ ಸಿಕ್ಕಿಲ್ಲ. ಅದರ ಕಣ್ಣಿಗೊಂದು ಮಿತಿ ಐತಿ, ಅದಕ್ಕಿಂತ ಕಡಿಮಿ ಇದ್ರ ಕಾಣಂಗಿಲ್ಲ. ಕೂಸಿನ ತಿನಿಸಿಗೆ ಸರಕಾರ ಇಟ್ಟ ಮಿತಿ ಅದಕ್ಕಿಂತನೂ ಕಡಿಮಿ. ಅಂದ್ರ ಸರಕಾರದ ಮಿತಿ ಮೀರಿದ್ರೂ ನಮಗ ಕಾಣದಿರಬಹುದು. ತಿಳೀತೇನ್ರಿ?”

…

“ಏನು? ಬರೇ ‘ಕಂಡುಬಂದಿಲ್ಲ’ ಅಂತ ಬರೀಲ್ಯಾ? ಅದೂ ಆಗಂಗಿಲ್ಲ. ಎಷ್ಟರತನಕ ನೋಡೇವಿ ಅನ್ನೋದು ಬಾಜೂಕ ಇರಬೇಕು. ಇಲ್ಲಾಂದ್ರ ಓದಿದ ತಾಯಿ ಸೊನ್ನಿ ಅಂತನ ತಿಳಕೋತಾಳ, ಅಲ್ಲೇನ್ರಿ?”

…

ಆ ಕಡೆ ಅಚ್ಚಿನ ಯಂತ್ರದ ಸದ್ದು ನಡೆದೇ ಇತ್ತು. ಅದರ ನಡುವೆಯೇ ಕಾಕಾ ಹಳೆಯದನ್ನೆಲ್ಲ ತೆಗೆದರು: ಓದಲಿಕ್ಕೆಂದು ಈ ಊರಿಗೆ ಬಂದವನನ್ನು ಇಟ್ಟುಕೊಂಡವರು ಯಾರು, ಬಡಿಸಿದವರು ಯಾರು. ಅವರು ಉಸಿರು ತೆಗೆದುಕೊಂಡಾಗ ಸುಶಾಂತ ಹೇಳಿದ:

“ಹೌದ್ರಿ, ನಿಮ್ಮನಿ ಅನ್ನ ಉಂಡೀನಿ. ಅದಕ್ಕ ಸುಳ್ಳು ಬರೀಬೇಕೇನು? … ಕಾಕುನ ಕೈ ಸ್ವಚ್ಛ ಐತಿ, ನಾ ಯಾವಾಗ ಇಲ್ಲ ಅಂದೆ? ನಾ ಸಹಿ ಹಾಕೋದು ಆಕಿ ಕೈಗಲ್ಲ, ಮಷೀನು ಕಂಡಿದ್ದಕ್ಕ.”

…

“ಲ್ಯಾಬಿನ ಮಾಲಕರಿಗೆ ಹೇಳ್ತೀರಾ? ಹೇಳ್ರಿ. ಕೆಲಸದಿಂದ ತಗದ್ರೂ ತಗೀಲಿ. ಬ್ಯಾರೆಯವರು ಸಹಿ ಹಾಕಿದ್ರ ಹಾಕ್ಲಿ, ನಾ ಹಾಕಂಗಿಲ್ಲ … ಕಾಕಾ, ಸಿಟ್ಟು ಬಿಟ್ಟು ಕೇಳ್ರಿ. ಇದಕ್ಕಿಂತ ಬಾರೀಕ ನೋಡೋ ಮಷೀನು ಬ್ಯಾರೆ ಲ್ಯಾಬಿನಾಗ ಐತಿ. ಒಂದು ವಾರ ತಡೀರಿ. ಅಲ್ಲೀತನಕ ಅಚ್ಚು ನಿಲ್ಲಸ್ರಿ … ನಿಲ್ಲಸ್ತೀರೇನ್ರಿ? … ಕಾಕಾ?”

ಲೈನು ಕಟ್ಟಾಗಿತ್ತು.

ಕಾಕು ಕೊಟ್ಟಿದ್ದ ಅದೇ ಹಿಟ್ಟಿನ ಗಂಜಿಯನ್ನು ಆ ದಿನ ಬೆಳಗ್ಗೆ ಮಗಳು ಶರ್ವರಿಗೆ ತಾನೇ ಕುಡಿಸಿ ಬಂದಿದ್ದನ್ನು ಸುಶಾಂತ ಕಾಕಾನಿಗೆ ಹೇಳಿರಲಿಲ್ಲ.