ಪಣಜಿಯ ಮೇಳಕ್ಕೆ ಹೊರಟವರು

ಗೋವಾದ ಕುಂಕಳ್ಳಿಯ ಬಸ್ ನಿಲ್ದಾಣದಲ್ಲಿ ಮಣಿಸರದ ಗಂಟು ಇಟ್ಟುಕೊಂಡು ಕೂತಿದ್ದ ಥಾವರಿಬಾಯಿಗೆ ಬೆನ್ನ ಹಿಂದೆ ತನ್ನೂರ ಕಡೆಯ ಮಾತು ಕೇಳಿಸಿತು. ಬ್ಯೂಟಿ ಪಾರ್ಲರ್ ನಡೆಸುವ ನಿಖತ, ಅವಳ ಕೈಕೆಳಗೆ ದುಡಿಯುವ ರೇಣು.

“ಅಕ್ಕಾರ, ಲಗ್ನದ ಸೀಜನ್‌ದಾಗ ಪಾರ್ಲರ್ ಮುಚ್ಚಿ ಬ್ಯೂಟಿ ಸಾಮಾನಿನ ಮೇಳಕ್ಕ ಹೋದ್ರ ಗಿರಾಕಿ ಉಳಿಯಾಂಗಿಲ್ರಿ.”

“ಹೋದ್ರ ಹೋಗ್ಲಿ. ನಮ್ಮ ಕ್ರೀಮ್ ಹಚ್ಚಿದ ಮ್ಯಾಲೆ ಆ ಮದುಮಗಳ ಮಾರಿ ಹೆಂಗ ಬಾತೈತಿ ನೋಡಿದಿಲ್ಲೊ? ಕಣ್ಣು ತೆಗಿಯಾಕ ಬರವಲ್ದು ಆಕಿಗೆ.”

“ಡಾಕ್ಟರ್ ಏನಂದ್ರು?”

“ಕ್ರೀಮಿನಾಗ ಏನ್ ಕೂಡ್ಸ್ಯಾರ, ತಿಳಕೊಂಡ ಬರ್ರಿ ಅಂದ್ರು. ಡಬ್ಬಿ ಮ್ಯಾಲಿನ ಫೋನ್ ಯಾರೂ ಎತ್ತವಲ್ರು. ಮೇಳದಾಗ ಆ ಕಂಪನಿಯವರು ಖುದ್ದ ನಿಂತಿರ್ತಾರ.”

“ಹೋದ ವರ್ಷ ಆ ಮೇಳದಿಂದನ ನಮ್ಮ ಪಾರ್ಲರಿಗೆ ಹೆಸರು ಬಂತ್ರಿ.”

“ಈ ಕ್ರೀಮೂ ಅಲ್ಲಿಂದನ ಬಂತು, ರೇಣು. ಹಚ್ಚಿದಾಕಿ ನಾನು. ಆ ಹುಡುಗಿ ಕಣ್ಣಿಗೆ ಏನರೆ ಆದ್ರ...”

“ಕಂಪನಿಯವರು ಈ ಸಲ ಬಂದಿರದಿದ್ರ?”

ಥಾವರಿಬಾಯಿ ಮೆಲ್ಲಗೆ ತಿರುಗಿ ನೋಡಿದಳು. ರೇಣುವಿನ ಸೆರಗು ಕೆನ್ನೆ ಮುಚ್ಚಿತ್ತು.

“ಅಕ್ಕಾರ, ಬೈಬ್ಯಾಡ್ರಿ. ಡಬ್ಬಿಯಾಗ ಉಳಿದದ್ದು ಮೊನ್ನೆ ನಾನೂ ಹಚ್ಕೊಂಡಿದ್ದೆ. ಮುಂಜಾನಿಯಿಂದ ಉರಿಯಾಕತ್ತೈತ್ರಿ.”

ಪಣಜಿಯ ಬಸ್ಸು ಬಂತು. ನಿಖತ ಬೈಯಲಿಲ್ಲ. ರೇಣುವಿನ ರಟ್ಟೆ ಹಿಡಿದು, ನಿಂತವರನ್ನೆಲ್ಲ ತಳ್ಳಿಕೊಂಡು, ಅವಳನ್ನೇ ಮೊದಲು ಬಸ್ಸು ಹತ್ತಿಸಿದಳು.