ಸೊನ್ನೆ ತಾಕಿನ ಹಸಿರು

...ಅಯ್ಯೋ, ಅಲ್ಲಿ ಬೇಡ ಉಪೇಂದ್ರ ಸಾರ್, ಆ ಸೋಫಾ ಡಿಸೆಂಬರ್ ಪ್ರವಾಹದ ನೀರಲ್ಲಿ ನೆನೆದದ್ದು, ಇನ್ನೂ ವಾಸನೆ ಹೋಗಿಲ್ಲ. ಈ ಕುರ್ಚಿ. ಸೆರಿ. ನಾನು ಕೆಲಸ ಬಿಟ್ಟ ಆರು ವರ್ಷದ ಮೇಲೆ ವೇಲಚೇರಿ ತನಕ ಬಂದಿದೀರಿ, ಸ್ವೀಟ್ ಡಬ್ಬಿ ಬೇರೆ! ಸಕ್ಕರೆ ಕಾರ್ಖಾನೆಯ ಸಂಶೋಧನಾ ಮುಖ್ಯಸ್ಥರು ಈ ವೃಂದಾ ಮನೆಗೆ... ಯಾಕೆ ನಗ್ತೀರಿ? ನಾನೇನೂ ತಮಾಷೆ ಮಾಡ್ಲಿಲ್ಲ.

ಗೊತ್ತು, ಗೊತ್ತು. ಆ ಪ್ರಯೋಗದ್ದು, ನಾನು ದಿನಾ ಬರೀತಿದ್ದ ಹೊಲದ ಪುಸ್ತಕ ಬೇಕು. ನಾಳೆ ಅಣ್ಣಾ ನಗರ್ ಆಫೀಸಿಗೆ ಬೆಳೆಗಾರರು ಬರ್ತಾರೆ, ಹಳದಿ ಕಬ್ಬು ಹಿಡ್ಕೊಂಡು. ನಿಮ್ಮ ಮಾತು ನಂಬಿ ಹಸಿರು ಗೊಬ್ಬರಕ್ಕೆ ಅಂತ ಸೆಣಬು ಬಿತ್ತಿದ್ರು, ಹೂ ಬಿಡೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದ್ರು. ಆಮೇಲೆ ಕಬ್ಬು ನೆಟ್ಟು ಒಂದು ಹಿಡಿ ಯೂರಿಯಾ ಹಾಕ್ಲಿಲ್ಲ. ಬೇಡ ಅಂದಿದ್ರಲ್ಲ ನೀವು! ಹೋದ ವರ್ಷ ರೈತರ ಸಭೆಯಲ್ಲಿ ಶಾಲು ಹೊದ್ದು, ಮೈಕ್ ಹಿಡಿದು... ಮುಂದಿನ ಸಾಲಲ್ಲೇ ಕೂತಿದ್ದೆ ನಾನು. ನೋಡ್ಲಿಲ್ಲ ಬಿಡಿ.

ತಗೊಳ್ಳಿ, ಇದೇ ಪುಸ್ತಕ. ನೀರು ಬಂದಾಗ ಒಡವೆಗಿಂತ ಮೊದಲು ಇದನ್ನೇ ಅಟ್ಟಕ್ಕೇರಿಸಿದೆ.

ಸೆಣಬು ಉತ್ತ ಹೊಲದಲ್ಲಿ ಮೂರು ತಾಕು, ನೆನಪಿದೆಯಾ? ಪೂರ್ತಿ ಯೂರಿಯಾ, ಅರ್ಧ, ಸೊನ್ನೆ. ಮೂರನೇ ತಿಂಗಳಿಗೆ ಸೊನ್ನೆ ತಾಕು ಹಳದಿ. ಅರ್ಧ ತಾಕು ಮಾತ್ರ ಪೂರ್ತಿ ಹಾಕಿದ್ದರ ಸಮಕ್ಕೆ ನಿಂತಿತ್ತು. ಸೆಣಬು ಅರ್ಧ ಸಾರಜನಕ ಕೊಡತ್ತೆ ಸಾರ್, ಇನ್ನರ್ಧ ನಾವೇ ಕೊಡ್ಬೇಕು ಅಂತ ಹೇಳೋಕೆ ಓಡಿ ಬಂದೆ. ಅವತ್ತೇ ನೀವು ವರದಿಯಿಂದ ನನ್ನ ಹೆಸರು ಹೊಡೆದು ಹಾಕಿದ್ರಿ. ‘ಪ್ರಯೋಗವೆಲ್ಲ ನಂದು, ನೀನು ಬರೀ ಎಲೆ ಅಳೆದವಳಮ್ಮಾ.’ ಅಳೆದವಳು! ಬಿಸಿಲಲ್ಲಿ ನಿಂತು... ಇರ್ಲಿ.

ಎರಡೇ ವಾರ. ಸೊನ್ನೆ ತಾಕು ಹಸಿರೋ ಹಸಿರು! ನೀವು ಕುಣಿದಾಡಿದ್ರಿ. ಹೇಗೆ ಅಂತ ಒಂದ್ಸಲನಾದ್ರೂ ಕೇಳಿದ್ರಾ? ಯೂರಿಯಾ ಬಿದ್ದಿತ್ತು ಸಾರ್ ಅಲ್ಲಿ, ಯೂರಿಯಾ!

ಕಾಫಿ ಆರ್ತಿದೆ, ಕುಡೀರಿ.

ಯಾರು ಅಂದ್ರೆ... ಬಾಬು. ನಮ್ಮ ಕಾವಲುಗಾರ ಬಾಬು. ಹಳದಿ ಪೈರು ಕಂಡ್ರೆ ಅವನಿಗೆ ಕರುಳು ಚುರ್ ಅನ್ನತ್ತೆ, ಗೊತ್ತಲ್ಲ. ಪಾಪ, ಎರಚಿಬಿಟ್ಟ. ನನಗೆ ಗೊತ್ತಿತ್ತು, ಹೇಳ್ಲಿಲ್ಲ. ಯಾಕೆ ಹೇಳ್ಬೇಕು? ಪ್ರಯೋಗವೆಲ್ಲ ನಿಮ್ಮದಲ್ವಾ! ನಾಳೆ ಆ ಜನದ ಮುಂದೆ ನಿಂತು ಹೇಳಿ, ಕಾವಲುಗಾರನ ಒಂದು ಬುಟ್ಟಿ ಯೂರಿಯಾಕ್ಕೆ ಶಾಲು ಹೊದ್ದುಕೊಂಡೆ ಅಂತ. ಹೇಳಿ! ನಾನೂ ಬಂದು ಮುಂದಿನ ಸಾಲಲ್ಲೇ...

ಯಾಕೆ, ಯಾವ ಪುಟದಲ್ಲಿ ನಿಂತ್ರಿ? ಮುಂದೆ ತಿರುವಿ. ಅಲ್ಲೇನಿಲ್ಲ, ಹವಾಮಾನ, ಕೂಲಿಯವರ ಹಾಜರಿ, ಅಷ್ಟೇ... ಬೆರಳು ತೆಗೀರಿ ಸಾರ್, ನೋಡೋಣ.

‘ಬಾಬು ರಜಾ, ಮಗಳ ಮದುವೆ, ಹದಿನೈದು ದಿನ. ಗೋಡೌನ್ ಕೀಲಿ ನನ್ನ ಹತ್ರ’...

ನನ್ನದೇ ಕೈಬರಹ. ಏನೂ ಬಿಡದೆ ಬರೆಯೋ ಈ ಹಾಳು ಅಭ್ಯಾಸ...

ಬೈಯಿರಿ. ಹಾಗೆ ನೋಡ್ಬೇಡಿ.

ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ. ಸೆರಗಲ್ಲಿ ಯೂರಿಯಾ ಕಟ್ಕೊಂಡು ಹೋಗಿ ನಾನೇ ಎರಚಿದೆ. ನೀವು ಮುಗ್ಗರಿಸಲಿ ಅಂತ ಸಾರ್. ನೀವೊಬ್ಬರೇ. ಆ ಬೆಳೆಗಾರರು... ಅವರ ಮುಖ ನನಗೆ ಆಗ ಕಾಣ್ಲೇ ಇಲ್ಲ.

ಎದ್ದುಬಿಟ್ರಾ? ಪುಸ್ತಕ ತಗೊಂಡೇ ಹೋಗಿ. ನಾಳೆ ಓದಿ ಹೇಳಿ, ಎಲ್ಲ ಇವಳು ಮಾಡಿದ್ದು ಅಂತ. ಆದ್ರೆ ಹಾಗೆ ಹೇಳೋಕೆ, ಆ ಹೊಲದಲ್ಲಿ ದಿನಾ ನಿಂತವಳು ನಾನು ಅಂತ ಮೊದಲು ಒಪ್ಕೋಬೇಕಾಗತ್ತೆ. ನನ್ನ ಹೆಸರು ಹಾಕ್ಬೇಕಾಗತ್ತೆ ಸಾರ್... ಈ ಸಲನಾದ್ರೂ.